ಬರೆದುಕೊಟ್ಟರೆ ಮುಗಿಯಿತೇ? ಆಸ್ತಿಯ ಹಸ್ತಾಂತರ ಮತ್ತು ಕಾಯ್ದೆಯ ಮೇರೆ

ಗಳಿಸುವುದಕ್ಕೆ ಮನುಷ್ಯನು ನಲವತ್ತು ವರ್ಷ ಬೆವರು ಸುರಿಸುತ್ತಾನೆ. ಗಳಿಸಿದ್ದನ್ನು ಮುಂದಿನವರ ಕೈಗೆ ದಾಟಿಸುವ ವಿಚಾರಕ್ಕೆ ಮಾತ್ರ ನಾಲ್ಕು ತಾಸನ್ನೂ ಕೊಡುವುದಿಲ್ಲ. ಈ ಮಾತು ವ್ಯಾಪಾರಸ್ಥರಾದ ನಮಗೆ ಹೆಚ್ಚಾಗಿ ಅನ್ವಯಿಸುತ್ತದೆ. ಕಿರ್ದಿಯಲ್ಲಿ ಎಂಟಾಣೆಯ ಫರಕು ಬಂದರೆ ರಾತ್ರಿ ಹನ್ನೊಂದರವರೆಗೆ ಕುಳಿತು ಹುಡುಕುವ ನಾವು, ಹೊಲ ಯಾರ ಹೆಸರಿನಲ್ಲಿದೆ, ಅಂಗಡಿಯ ಜಾಗದ ಮೂಲ ಖರೀದಿ ಪತ್ರ ಎಲ್ಲಿದೆ, ಅಜ್ಜ ತೀರಿಕೊಂಡ ಮೇಲೆ ವಾರಸಾ ನೋಂದ ಆಗಿದೆಯೇ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತೇವೆ.

ನಾವು ವಕೀಲರಲ್ಲ. ಮ್ಯಾಟ್ರಿಕ್ ಮುಗಿಸಿ ಗಲ್ಲೆಯ ಮೇಲೆ ಕುಳಿತವರು. ಆದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಬಂಧು ಬಾಂಧವರ ಎಷ್ಟೋ ದಸ್ತಾವೇಜುಗಳಿಗೆ ಸಾಕ್ಷಿ ಹಾಕಲು ಸಬ್ ರಜಿಸ್ಟ್ರಾರ್ ಕಚೇರಿಯ ಬಾಕಿನ ಮೇಲೆ ಕುಳಿತಿದ್ದೇವೆ. ಕೆಲವು ದಸ್ತಾವೇಜುಗಳು ಮನೆತನವನ್ನು ಉಳಿಸಿದ್ದನ್ನು ನೋಡಿದ್ದೇವೆ. ಕೆಲವು ಅಣ್ಣ ತಂಗಿಯರನ್ನು ಕೋರ್ಟಿನ ಎರಡು ಬದಿಗೆ ನಿಲ್ಲಿಸಿದ್ದನ್ನೂ ನೋಡಿದ್ದೇವೆ. ಆಸ್ತಿ ನಮ್ಮದೇ ಆದರೂ ಅದನ್ನು ದಾಟಿಸುವುದಕ್ಕೆ ಕಾಯ್ದೆ ಕೆಲವು ಮೇರೆಗಳನ್ನು ಹಾಕಿದೆ. ಆ ಮೇರೆಗಳು ಯಾವುವು ಎಂಬುದನ್ನು ಮನೆಮಂದಿಗೆಲ್ಲ ತಿಳಿಯುವಂತೆ ಹೇಳುವುದೇ ಈ ಲೇಖನದ ಉದ್ದೇಶ.

ಜೈನರಿಗೆ ಯಾವ ಕಾಯ್ದೆ?

ಮೊದಲ ಪ್ರಶ್ನೆ ಇದೇ. ಒಂದು ಕಾಲಕ್ಕೆ ಜೈನರ ವಾರಸಾ ಪದ್ಧತಿಯನ್ನು ಕೋರ್ಟುಗಳು ರೂಢಿಯ ಆಧಾರದಿಂದ ನೋಡುತ್ತಿದ್ದವು. ಭದ್ರಬಾಹು ಸಂಹಿತೆ, ಅರ್ಹನ್ನೀತಿ ಮೊದಲಾದ ನಮ್ಮ ಗ್ರಂಥಗಳಲ್ಲಿ ದಾಯಭಾಗದ ವಿಚಾರ ಬಂದಿದೆ. 1878ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಗಂಡುಮಕ್ಕಳಿಲ್ಲದ ಅಗರವಾಲ ಜೈನ ವಿಧವೆಗೆ ಗಂಡನ ಸ್ವಯಾರ್ಜಿತ ಆಸ್ತಿಯ ಮೇಲೆ ಪೂರ್ಣ ಹಕ್ಕಿದೆ, ಗಂಡನ ಅಪ್ಪಣೆ ಇಲ್ಲದೆಯೂ ಆಕೆ ದತ್ತಕ ಪಡೆಯಬಹುದು ಎಂಬ ರೂಢಿಯನ್ನು ಒಪ್ಪಿತು. ಅಂದಿನ ಹಿಂದೂ ವಿಧವೆಗೆ ಇಲ್ಲದ ಹಕ್ಕು ಇದು. ಬ್ಯಾರಿಸ್ಟರ್ ಚಂಪತ್‌ರಾಯ್ ಜೈನರು 1926ರಲ್ಲಿ ಜೈನ ಕಾಯ್ದೆಯ ಮೇಲೆ ಒಂದು ಪುಸ್ತಕವನ್ನೇ ಪ್ರಕಟಿಸಿದರು.

ಸ್ವಾತಂತ್ರ್ಯಾನಂತರ ಚಿತ್ರ ಬದಲಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 2ನೇ ಕಲಮಿನಲ್ಲಿ ಬೌದ್ಧ, ಜೈನ, ಸಿಖ್ಖರ ಹೆಸರುಗಳು ಸ್ಪಷ್ಟವಾಗಿವೆ. 4ನೇ ಕಲಮಿನ ಪ್ರಕಾರ, ಈ ಕಾಯ್ದೆ ಹೇಳಿರುವ ವಿಷಯಗಳಲ್ಲಿ ಹಳೆಯ ರೂಢಿ ನಡೆಯುವುದಿಲ್ಲ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರೀಯ ಅಲ್ಪಸಂಖ್ಯಾತ ಸ್ಥಾನ ದೊರೆತಾಗ, ಇನ್ನು ನಮಗೆ ಹಿಂದೂ ಕಾಯ್ದೆ ಇಲ್ಲವೆಂದು ಕೆಲವರು ತಿಳಿದರು. ಅದು ತಪ್ಪು ತಿಳುವಳಿಕೆ. 2025ರಲ್ಲಿ ಇಂದೂರಿನ ಒಂದು ಕೌಟುಂಬಿಕ ನ್ಯಾಯಾಲಯ ಜೈನ ದಂಪತಿಗಳಿಗೆ ಹಿಂದೂ ವಿವಾಹ ಕಾಯ್ದೆ ಅನ್ವಯಿಸುವುದಿಲ್ಲವೆಂದಿತು. ಅದೇ ವರ್ಷ ಮಾರ್ಚಿನಲ್ಲಿ ಮಧ್ಯಪ್ರದೇಶ ಹೈಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ಧರ್ಮ ಬೇರೆ ಎಂಬುದನ್ನು ಯಾರೂ ಅಲ್ಲಗಳೆದಿಲ್ಲ. ಆಸ್ತಿ ಮತ್ತು ವಿವಾಹದ ಕಾಯ್ದೆ ಮಾತ್ರ ಇಂದಿಗೂ ಅದೇ.

ಸ್ವಂತದ್ದು ಯಾವುದು, ಮನೆತನದ್ದು ಯಾವುದು?

ಹಸ್ತಾಂತರದ ಎಲ್ಲ ತೊಡಕುಗಳ ಬೇರು ಇಲ್ಲಿದೆ. ತನ್ನ ದುಡಿಮೆಯಿಂದ ಗಳಿಸಿದ್ದು ಸ್ವಯಾರ್ಜಿತ. ಅದನ್ನು ಮಾಲಕನು ಮಾರಬಹುದು, ಬಕ್ಷೀಸು ಕೊಡಬಹುದು, ಯಾರಿಗೆ ಬೇಕಾದರೂ ಮೃತ್ಯುಪತ್ರ ಬರೆಯಬಹುದು. ಮಕ್ಕಳು ಅಡ್ಡ ಬರುವಂತಿಲ್ಲ. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹಾಗಲ್ಲ. ಅಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು. ಯಜಮಾನನು ಕುಟುಂಬದ ಕಾಯ್ದೆಬದ್ಧ ಅವಶ್ಯಕತೆಗೆ, ಅಂದರೆ ಸಾಲ ತೀರಿಸಲು, ಮದುವೆಗೆ, ಔಷಧೋಪಚಾರಕ್ಕೆ, ಅಥವಾ ಕುಟುಂಬದ ಹಿತಕ್ಕಾಗಿ ಮಾತ್ರ ಅದನ್ನು ಮಾರಬಹುದು. ಕೊಳ್ಳುವವನು ಆ ಅವಶ್ಯಕತೆ ನಿಜವೇ ಎಂದು ವಿಚಾರಿಸಬೇಕು.

ಪ್ರೀತಿಯಿಂದ ಕೊಟ್ಟೆ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಕರ್ನಾಟಕದಿಂದ ಹೋದ ಒಂದು ದಾವೆಯಲ್ಲಿ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. ಪ್ರೀತಿ ವಿಶ್ವಾಸಕ್ಕಾಗಿ ಕುಟುಂಬದ ಆಸ್ತಿಯನ್ನು ಬಕ್ಷೀಸು ಕೊಡುವುದು ಧಾರ್ಮಿಕ ಉದ್ದೇಶದ ದಾನ ಆಗುವುದಿಲ್ಲ, ಉಳಿದ ಪಾಲುದಾರರ ಒಪ್ಪಿಗೆ ಇಲ್ಲದ ಅಂಥ ಬಕ್ಷೀಸು ನಿಲ್ಲುವುದಿಲ್ಲ ಎಂದು ನಿರ್ಣಯವಾಯಿತು. ತಂದೆ ಹೀಗೆ ಪರಭಾರೆ ಮಾಡಿದ್ದನ್ನು ಪ್ರಶ್ನಿಸಲು, ಪಡೆದವನು ಕಬ್ಜೆ ತೆಗೆದುಕೊಂಡ ದಿನದಿಂದ 12 ವರ್ಷಗಳ ಅವಕಾಶವಿದೆ.

ಇದಕ್ಕೆ ಎದುರಾಗಿ ಇನ್ನೊಂದು ತಪ್ಪು ತಿಳುವಳಿಕೆಯೂ ಇದೆ. ಅಜ್ಜನಿಂದ ಬಂದದ್ದೆಲ್ಲ ಮೊಮ್ಮಗನಿಗೆ ಹುಟ್ಟಿನಿಂದಲೇ ಸೇರಿತು ಎಂದು ತರುಣರು ವಾದಿಸುತ್ತಾರೆ. ಅಜ್ಜನು ತನ್ನ ಸ್ವಯಾರ್ಜಿತ ಆಸ್ತಿಯನ್ನು ಬಿಟ್ಟು 1956ರ ನಂತರ ಮೃತ್ಯುಪತ್ರವಿಲ್ಲದೆ ತೀರಿಕೊಂಡಿದ್ದರೆ, ತಂದೆಗೆ ಬಂದ ಪಾಲು ತಂದೆಯ ವೈಯಕ್ತಿಕ ಆಸ್ತಿ. 1986ರಲ್ಲಿ ಚಂದರ್ ಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ತಂದೆ ಬದುಕಿರುವಾಗ ಮಗನು ಅದರಲ್ಲಿ ಪಾಲು ಕೇಳುವಂತಿಲ್ಲ. ಆದುದರಿಂದ ಯಾವುದೇ ಕಾಗದ ಬರೆಯುವ ಮೊದಲು ಈ ಆಸ್ತಿ ಯಾರಿಂದ, ಯಾವ ವರ್ಷ, ಯಾವ ದಾರಿಯಿಂದ ಬಂತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಬೇಕು.

ಹೆಣ್ಣುಮಕ್ಕಳ ಪಾಲು ಮತ್ತು ಹಕ್ಕುಸೋಡ ಪತ್ರ

ನಮ್ಮ ಭಾಗದಲ್ಲಿ ಒಂದು ಪದ್ಧತಿ ಇದೆ. ನಾಗರ ಪಂಚಮಿಗೋ ದೀಪಾವಳಿಗೋ ತವರಿಗೆ ಬಂದ ತಂಗಿಗೆ ಹೋಳಿಗೆ ಉಣಬಡಿಸಿ, ಸೀರೆ ಉಡಿಸಿ, ಮರುದಿನ ಕಚೇರಿಗೆ ಕರೆದೊಯ್ದು ಹಕ್ಕುಸೋಡ ಪತ್ರಕ್ಕೆ ಸಹಿ ಮಾಡಿಸುವುದು. ಪತ್ರದಲ್ಲಿ ಏನಿದೆ ಎಂದು ಆಕೆಗೆ ಓದಿ ಹೇಳುವವರು ಕಡಿಮೆ. ಅದು ಮರಾಠಿಯಲ್ಲಿದ್ದು ಆಕೆ ಕನ್ನಡ ಶಾಲೆಯಲ್ಲಿ ಕಲಿತವಳಾಗಿದ್ದರೆ ಓದಿದರೂ ತಿಳಿಯುವುದಿಲ್ಲ. ತವರಿನ ಬಾಗಿಲು ಮುಚ್ಚಬಾರದೆಂದು ಆಕೆ ಸಹಿ ಮಾಡುತ್ತಾಳೆ.

ಹೀಗೆ ಸಹಿ ಮಾಡಿದ ಒಬ್ಬ ಹೆಣ್ಣುಮಗಳ ಸಂಗತಿ ನಮಗೆ ಗೊತ್ತು. ಕೆಲವು ವರ್ಷಗಳ ಮೇಲೆ ಆ ಹೊಲದಲ್ಲಿ ರಸ್ತೆ ಹಾಯ್ದು ದೊಡ್ಡ ಮೊತ್ತದ ಪರಿಹಾರ ಬಂತು. ಆಗ ಆಕೆಯ ಮಕ್ಕಳು ಕೇಳಿದರು. ಅಣ್ಣ ಕಾಗದ ತೋರಿಸಿದ. ದಾವೆ ನಡೆಯಿತು. ತಾಯಿ ತೀರಿಕೊಂಡ ದಿನ ಅಣ್ಣ ತಂಗಿ ಒಂದೇ ಪಡಸಾಲೆಯ ಎರಡು ಮೂಲೆಯಲ್ಲಿ ಕುಳಿತಿದ್ದರು. ಒಬ್ಬರಿಗೊಬ್ಬರು ಮಾತನಾಡಲಿಲ್ಲ. ಕಾಗದ ಗಟ್ಟಿಯಿತ್ತೋ ಇಲ್ಲವೋ ಅದು ಕೋರ್ಟಿನ ಮಾತು. ಸಂಬಂಧವಂತೂ ಉಳಿಯಲಿಲ್ಲ.

ಕಾಯ್ದೆ ಏನು ಹೇಳುತ್ತದೆ? ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದ ಹಕ್ಕು ಕೊಡುವ ತಿದ್ದುಪಡಿ ಗಡಿಯ ಆಚೀಚೆ ಒಂದೇ ದಿನ ಬರಲಿಲ್ಲ. ಆಂಧ್ರಪ್ರದೇಶದಲ್ಲಿ 1985ರ ಸಪ್ಟಂಬರ್ 5ರಿಂದ, ತಮಿಳುನಾಡಿನಲ್ಲಿ 1989ರ ಮಾರ್ಚ್ 25ರಿಂದ, ಮಹಾರಾಷ್ಟ್ರದಲ್ಲಿ 1994ರ ಜೂನ್ 22ರಿಂದ, ಕರ್ನಾಟಕದಲ್ಲಿ ಅದೇ ವರ್ಷ ಜುಲೈ 30ರಿಂದ ಜಾರಿಗೆ ಬಂತು. ಅದಕ್ಕೂ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಆ ತಿದ್ದುಪಡಿಗಳಿಂದ ಪಾಲು ಸಿಗಲಿಲ್ಲ. ಹೀಗಾಗಿ ಒಂದೇ ಮನೆಯ ಅಕ್ಕನಿಗೆ ಇಲ್ಲ, ತಂಗಿಗೆ ಉಂಟು ಎಂಬ ಪರಿಸ್ಥಿತಿ ಇತ್ತು.

2005ರ ಸಪ್ಟಂಬರ್ 9ರಂದು ಜಾರಿಗೆ ಬಂದ ಕೇಂದ್ರ ತಿದ್ದುಪಡಿ ಈ ಭೇದವನ್ನು ತೆಗೆದುಹಾಕಿತು. ಮದುವೆಯಾಗಿರಲಿ, ಆಗದಿರಲಿ, ಮಗಳೂ ಮಗನಂತೆಯೇ ಪಾಲುದಾರಳು. ತಂದೆ ಆ ದಿನ ಬದುಕಿರಲೇಬೇಕೆ ಎಂಬ ವಾದ ಬಹಳ ದಿನ ನಡೆಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಾಧೀಶರ ಪೀಠ, ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ತೀರ್ಪಿತ್ತಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ಮಾರಾಟ, ವಾಟ್ನಿಗಳಿಗೆ ಬಾಧೆ ಇಲ್ಲ. ವಾಟ್ನಿ ಎಂದರೆ ನೋಂದಣಿಯಾದ ವಾಟ್ನಿ ಪತ್ರ ಅಥವಾ ಕೋರ್ಟಿನ ಡಿಕ್ರಿ. ಬಾಯಿಮಾತಿನಿಂದ ಅಂದೇ ಹಂಚಿಕೊಂಡಿದ್ದೇವೆ ಎಂದರೆ ಸುಲಭವಾಗಿ ಒಪ್ಪುವುದಿಲ್ಲ. ಸರಕಾರಿ ದಾಖಲೆಗಳ ಬೆಂಬಲ ಬೇಕು.

ಹಾಗಾದರೆ ಹಕ್ಕುಸೋಡ ಪತ್ರ ನಡೆಯುವುದೇ ಇಲ್ಲವೇ? ನಡೆಯುತ್ತದೆ, ಆದರೆ ಮೇರೆ ಇದೆ. ತಂದೆ ಬದುಕಿರುವಾಗ ಅವರ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಇನ್ನೂ ಹಕ್ಕೇ ಹುಟ್ಟಿಲ್ಲ, ಮುಂದೆ ಸಿಗಬಹುದೆಂಬ ನಿರೀಕ್ಷೆ ಮಾತ್ರ ಇದೆ. 1882ರ ಸ್ವತ್ತು ಹಸ್ತಾಂತರ ಕಾಯ್ದೆಯ 6ನೇ ಕಲಮಿನಂತೆ ಬರೀ ನಿರೀಕ್ಷೆಯನ್ನು ಹಸ್ತಾಂತರ ಮಾಡಲು ಬರುವುದಿಲ್ಲ. ಆದರೆ ಹಣ ಪಡೆದು ಬಿಟ್ಟುಕೊಟ್ಟು ಆಮೇಲೆ ಪಾಲು ಕೇಳಿದರೆ, ನಿನ್ನ ನಡತೆಯೇ ನಿನಗೆ ಅಡ್ಡಿ ಎಂದು ಕೋರ್ಟು ತಡೆಯಬಹುದು. ಪಿತ್ರಾರ್ಜಿತದಲ್ಲಿ ಅಥವಾ ತಂದೆಯ ತರುವಾಯ ಬಂದ ಪಾಲಿನಲ್ಲಿ ಆಕೆ ತಿಳಿದು, ಒಪ್ಪಿ ಬಿಟ್ಟುಕೊಡಬಹುದು. ಆಗ ಪತ್ರ ನೋಂದಣಿಯಾಗಿರಬೇಕು. ಮೋಸದಿಂದ, ಒತ್ತಾಯದಿಂದ ಪಡೆದ ಸಹಿಯನ್ನು ಕೋರ್ಟು ರದ್ದುಪಡಿಸಬಹುದು.

ತಂಗಿಗೆ ಕೊಡುವ ಮನಸ್ಸಿಲ್ಲದವರಿಗೆ ನಾವು ಏನು ಹೇಳಿದರೂ ವ್ಯರ್ಥ. ಮನಸ್ಸಿದ್ದು ದಾರಿ ತಿಳಿಯದವರಿಗೆ ಒಂದು ಮಾತು ಹೇಳುತ್ತೇವೆ. ಹೊಲ ತುಂಡಾಗಬಾರದೆಂದಿದ್ದರೆ ಆಕೆಯ ಪಾಲಿಗೆ ಇಂದಿನ ಬೆಲೆ ಕಟ್ಟಿ, ಬ್ಯಾಂಕಿನ ಮೂಲಕ ಹಣ ಕೊಟ್ಟು, ಆ ಮೊತ್ತವನ್ನು ಪತ್ರದಲ್ಲಿ ಬರೆಯಿರಿ. ಆಕೆಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿರಿ. ಸರಿಯಾದ ಬೆಲೆ ಪಡೆದ ತಂಗಿ ಹತ್ತು ವರ್ಷದ ನಂತರ ಕೋರ್ಟಿಗೆ ಹೋದದ್ದನ್ನು ನಾವಂತೂ ಕಂಡಿಲ್ಲ.

ಮರೆತುಹೋಗುವ ತಾಯಿಯ ಪಾಲು

ಮೃತ್ಯುಪತ್ರವಿಲ್ಲದೆ ತೀರಿಕೊಂಡ ಗಂಡಸಿನ ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳ ಜೊತೆಗೆ ಅವನ ತಾಯಿಯೂ ಇದ್ದಾಳೆ. ಹಲವರು ಇದನ್ನು ಮರೆಯುತ್ತಾರೆ. ಒಂದು ಲೆಕ್ಕ ನೋಡೋಣ. ಒಬ್ಬನು 20 ಎಕರೆ ಸ್ವಯಾರ್ಜಿತ ಹೊಲ ಬಿಟ್ಟು ತೀರಿಕೊಂಡ. ತಾಯಿ, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಐದು ಪಾಲು, ತಲಾ 4 ಎಕರೆ. ಮುಂದೆ ಆ ತಾಯಿ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಆಕೆಯ 4 ಎಕರೆ ಆಕೆಯ ಉಳಿದ ಮಕ್ಕಳಿಗೂ ಹೋಗುತ್ತದೆ. ಅಂದರೆ ಈ ಮೊಮ್ಮಕ್ಕಳ ಕಾಕಾಂದಿರು, ಸೋದರತ್ತೆಯರು ಹೊಲದಲ್ಲಿ ಪಾಲುದಾರರಾಗುತ್ತಾರೆ. ಇದು ಅನ್ಯಾಯವಲ್ಲ, ಕಾಯ್ದೆ. ಮೊದಲೇ ತಿಳಿದಿದ್ದರೆ ಜಗಳವಿಲ್ಲ.

ಹೆಣ್ಣುಮಕ್ಕಳು ತಮ್ಮ ಆಸ್ತಿಗೆ ಪೂರ್ಣ ಮಾಲಕರು ಎಂದು 14ನೇ ಕಲಮು ಹೇಳುತ್ತದೆ. ಆದರೆ ಮಕ್ಕಳಿಲ್ಲದ ಹೆಂಗಸು ಮೃತ್ಯುಪತ್ರ ಬರೆಯದೆ ತೀರಿಕೊಂಡರೆ, ತಂದೆ ತಾಯಿಯಿಂದ ಬಂದದ್ದು ತಂದೆಯ ವಾರಸುದಾರರಿಗೆ ತಿರುಗಿ ಹೋಗುತ್ತದೆ. ಗಂಡ, ಮಾವನಿಂದ ಬಂದದ್ದು ಗಂಡನ ವಾರಸುದಾರರಿಗೆ ಹೋಗುತ್ತದೆ. ಆಕೆಯೇ ದುಡಿದು ಗಳಿಸಿದ್ದು, ಗಂಡನೂ ಇಲ್ಲದಿದ್ದರೆ, ಹೆತ್ತವರಿಗಿಂತ ಮೊದಲು ಗಂಡನ ವಾರಸುದಾರರಿಗೆ ಸೇರುತ್ತದೆ. ನೌಕರಿ ಮಾಡುವ ನಮ್ಮ ಸೊಸೆಯಂದಿರು, ಹೆಣ್ಣುಮಕ್ಕಳು ಇದನ್ನು ತಿಳಿದಿರಬೇಕು. ಹೆಂಗಸರು ಮೃತ್ಯುಪತ್ರ ಬರೆದಿಡಬೇಕೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ವಿನಂತಿಸಿದೆ.

ಕೊಟ್ಟವ ಕೋಡಂಗಿ ಆಗಬಾರದು

ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂಬ ಗಾದೆ ಬಕ್ಷೀಸ ಪತ್ರಕ್ಕೇ ಹೇಳಿ ಮಾಡಿಸಿದಂತಿದೆ. ಸ್ಥಿರಾಸ್ತಿಯ ಬಕ್ಷೀಸು ನೋಂದಣಿಯಾಗಬೇಕು, ಇಬ್ಬರು ಸಾಕ್ಷಿದಾರರು ಬೇಕು, ಕೊಟ್ಟವರು ಬದುಕಿರುವಾಗಲೇ ಪಡೆದವರು ಸ್ವೀಕರಿಸಿರಬೇಕು. ಒಮ್ಮೆ ಆದ ಮೇಲೆ ಮನಸ್ಸು ಬದಲಾಯಿತೆಂದು ತಿರುಗಿ ಕೇಳಲು ಸಾಮಾನ್ಯವಾಗಿ ಬರುವುದಿಲ್ಲ. ಮುಂದೆ ಗಳಿಸಲಿರುವ ಆಸ್ತಿಯನ್ನು ಇಂದೇ ಬಕ್ಷೀಸು ಕೊಡುವುದೂ ಸಾಧ್ಯವಿಲ್ಲ.

ಮಗ ಸೊಸೆ ಚೆನ್ನಾಗಿದ್ದಾರೆಂದು ಇರುವ ಮನೆಯನ್ನೂ ಬರೆದುಕೊಟ್ಟು, ವರ್ಷ ತುಂಬುವುದರೊಳಗೆ ಮಾಳಿಗೆಯ ಹಿಂದಿನ ಖೋಲಿಗೆ ಸರಿದ ವೃದ್ಧರು ನಮ್ಮ ಪೇಟೆಯಲ್ಲಿಯೂ ಇದ್ದಾರೆ. 2007ರಲ್ಲಿ ಬಂದ ಹಿರಿಯ ನಾಗರಿಕರ ಪಾಲನೆಯ ಕಾಯ್ದೆ ಇಂಥವರಿಗಾಗಿಯೇ ಇದೆ. ಅದರ 23ನೇ ಕಲಮಿನಂತೆ 60 ವರ್ಷ ದಾಟಿದವರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು ಪಡೆದವರು ನೋಡಿಕೊಳ್ಳದಿದ್ದರೆ, ನ್ಯಾಯಮಂಡಳಿ ಆ ಹಸ್ತಾಂತರವನ್ನು ಅಸಿಂಧುಗೊಳಿಸಬಹುದು. ಷರತ್ತು ಇತ್ತೆಂಬುದನ್ನು ತೋರಿಸಬೇಕಾಗುತ್ತದೆ ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2025ರ ಜನವರಿ 2ರಂದು ಮಧ್ಯಪ್ರದೇಶದ ಒಬ್ಬ ತಾಯಿಯ ಪ್ರಕರಣದಲ್ಲಿ ಅದೇ ಕೋರ್ಟು ಕಾಯ್ದೆಯನ್ನು ಉದಾರವಾಗಿ ಅರ್ಥೈಸಿ, ಮಗನಿಗೆ ಕೊಟ್ಟ ಬಕ್ಷೀಸನ್ನು ರದ್ದುಪಡಿಸಿ, ಆಸ್ತಿಯನ್ನು ತಾಯಿಗೆ ಮರಳಿಸಲು ಹೇಳಿತು. ಆ ತಾಯಿಯ ಕೈಯಲ್ಲಿ ಮಗ ಬರೆದುಕೊಟ್ಟ ವಚನದ ಚೀಟಿ ಇತ್ತು ಎಂಬುದನ್ನು ಗಮನಿಸಿರಿ.

ಆದುದರಿಂದ ಬಕ್ಷೀಸ ಪತ್ರದಲ್ಲಿ ಎರಡು ವಾಕ್ಯ ಬಿಡಬಾರದು. ಒಂದು, ಕೊಟ್ಟವರೂ ಅವರ ಹೆಂಡತಿಯೂ ಜೀವಾವಧಿ ಆ ಮನೆಯಲ್ಲಿ ವಾಸಿಸುವ ಹಕ್ಕು. ಎರಡು, ಅನ್ನ, ವಸ್ತ್ರ, ಔಷಧಕ್ಕೆ ಪಡೆದವರ ಹೊಣೆ. ಮಗ ಒಳ್ಳೆಯವನೇ ಆಗಿದ್ದರೆ ಈ ವಾಕ್ಯಗಳಿಂದ ಅವನಿಗೆ ಏನೂ ಹಾನಿಯಿಲ್ಲ.

ಮೃತ್ಯುಪತ್ರ: ಸುಲಭ, ಆದರೂ ಮೇರೆ ಇದೆ

ಮೃತ್ಯುಪತ್ರಕ್ಕೆ ಮುದ್ರಾಂಕ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬರೆದವರ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿದಾರರ ಸಹಿ ಬೇಕು. ಮುಂದೆ ವ್ಯಾಜ್ಯವಾದರೆ ಸಾಕ್ಷಿದಾರನು ಕೋರ್ಟಿನಲ್ಲಿ ಹೇಳಬೇಕಾಗುತ್ತದೆ. ಆದ್ದರಿಂದ ನಮಗಿಂತ ವಯಸ್ಸಿನಲ್ಲಿ ಕಿರಿಯರನ್ನು, ಆಸ್ತಿಯಲ್ಲಿ ಲಾಭವಿಲ್ಲದವರನ್ನು ಸಾಕ್ಷಿ ಹಾಕಿಸುವುದು ಲೇಸು. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯದೇ ನಡೆಯುತ್ತದೆ.

ಮೇರೆ ಏನೆಂದರೆ, ತನ್ನದಲ್ಲದ್ದನ್ನು ಮೃತ್ಯುಪತ್ರದಲ್ಲಿ ಕೊಡುವಂತಿಲ್ಲ. ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನು ಮಾತ್ರ ಬರೆಯಬಹುದು, ಇಡೀ ಹೊಲವನ್ನಲ್ಲ. ಮಗನು ಈ ಮನೆಯನ್ನು ಎಂದೆಂದಿಗೂ ಮಾರಬಾರದು ಎಂದು ಬರೆದರೆ ಆ ನಿರ್ಬಂಧ ಕಾಯ್ದೆಯ ಮುಂದೆ ನಿಲ್ಲುವುದಿಲ್ಲ. ಪೂರ್ಣ ಮಾಲಕತ್ವ ಕೊಟ್ಟ ಮೇಲೆ ಮಾರುವ ಹಕ್ಕನ್ನು ಕಟ್ಟಿಹಾಕಲು ಬರುವುದಿಲ್ಲ. ಬ್ಯಾಂಕಿನಲ್ಲಿ, ವಿಮೆಯಲ್ಲಿ ನಾಮಿನಿ ಹಾಕಿದರೆ ಮೃತ್ಯುಪತ್ರ ಬರೆದಂತೆ ಎಂದು ತಿಳಿಯುವುದೂ ಸರಿಯಲ್ಲ. ಸಾಮಾನ್ಯವಾಗಿ ನಾಮಿನಿ ಹಣವನ್ನು ಪಡೆದು ವಾರಸುದಾರರಿಗೆ ಮುಟ್ಟಿಸಬೇಕಾದವನು. ಕಂಪನಿಗಳ ಶೇರುಗಳಿಗೂ ಇದೇ ನಿಯಮವೆಂದು 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಖರೀದಿಯ ಕಾಗದ

ನೂರು ರೂಪಾಯಿಯ ಮೇಲಿನ ಬೆಲೆಯ ಸ್ಥಿರಾಸ್ತಿ ನೋಂದಣಿಯಾದ ಖರೀದಿ ಪತ್ರದಿಂದಲೇ ಮಾರಾಟವಾಗಬೇಕು. ಪತ್ರಕ್ಕೆ ಸಹಿ ಬಿದ್ದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಸಂಚಕಾರ ಪತ್ರ, ಕುಲಮುಖತ್ಯಾರ ಪತ್ರ, ನೋಟರಿ ಕಾಗದ ಇವುಗಳಿಂದ ಮಾಲಕತ್ವ ಬರುವುದಿಲ್ಲ ಎಂದು 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಸಾತಬಾರಾ ಉತಾರೆಯಲ್ಲಿ, ಪಹಣಿಯಲ್ಲಿ, ಪಟ್ಟಾದಲ್ಲಿ ಹೆಸರು ಬಂದ ಮಾತ್ರಕ್ಕೂ ಮಾಲಕತ್ವ ಸಿದ್ಧವಾಗುವುದಿಲ್ಲ. ಅದು ಕಂದಾಯದ ಲೆಕ್ಕ.

ಇನ್ನೆರಡು ಮೇರೆಗಳು ಹೇಳಲೇಬೇಕಾದವು. ಅಪ್ರಾಪ್ತ ಮಗುವಿನ ಹೆಸರಿನಲ್ಲಿರುವ ಪ್ರತ್ಯೇಕ ಸ್ಥಿರಾಸ್ತಿಯನ್ನು ತಂದೆ ತಾಯಿಯೂ ಕೋರ್ಟಿನ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದರೆ ಮಗು ಪ್ರಾಪ್ತವಯಸ್ಕನಾದ ಮೂರು ವರ್ಷದೊಳಗೆ ರದ್ದು ಕೇಳಬಹುದು. ಎರಡನೆಯದಾಗಿ, ತಂದೆಯಿಂದ ಬಂದ ಆಸ್ತಿ ಅಥವಾ ಧಂಧೆಯಲ್ಲಿ ತನ್ನ ಪಾಲನ್ನು ಒಬ್ಬ ವಾರಸುದಾರ ಹೊರಗಿನವರಿಗೆ ಮಾರಲು ಹೊರಟರೆ, ಜೊತೆಯ ವಾರಸುದಾರರಿಗೆ ಮೊದಲು ಕೊಳ್ಳುವ ಹಕ್ಕು ಇದೆ. ಕೃಷಿ ಜಮೀನಿಗೂ ಇದು ಅನ್ವಯಿಸುತ್ತದೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಂಗಡಿ ಹಿಡಿದ ಅಣ್ಣ ತಮ್ಮಂದಿರಿಗೆ ಇದು ಬಹಳ ಉಪಯೋಗದ ಕಲಮು.

ಗಡಿಯವರ ಹೆಚ್ಚಿನ ತೊಡಕು

ನಮ್ಮ ಓದುಗರಲ್ಲಿ ಅನೇಕರ ಅಂಗಡಿ ಒಂದು ರಾಜ್ಯದಲ್ಲಿ, ಹೊಲ ಇನ್ನೊಂದು ರಾಜ್ಯದಲ್ಲಿ. ಕುಟುಂಬ ಒಂದೇ ಆದರೂ ಜಮೀನಿನ ಕಾಯ್ದೆ ಜಮೀನು ಇದ್ದಲ್ಲಿಯದು. ಮಹಾರಾಷ್ಟ್ರದಲ್ಲಿ 1948ರ ಕುಳಕಾಯ್ದೆಯ 63ನೇ ಕಲಮಿನಂತೆ ರೈತನಲ್ಲದವನಿಗೆ ಕೃಷಿ ಜಮೀನಿನ ಮಾರಾಟ, ಬಕ್ಷೀಸು, ಅದಲುಬದಲು, ಕೆಲವು ಅಪವಾದ ಬಿಟ್ಟರೆ, ಜಿಲ್ಲಾಧಿಕಾರಿಗಳ ಅನುಮತಿ ಇಲ್ಲದೆ ನಡೆಯುವುದಿಲ್ಲ. ಕರ್ನಾಟಕದಲ್ಲಿಯೂ 79ಎ, 79ಬಿ ಕಲಮುಗಳಿಂದ ಇಂಥ ತಡೆ ಇತ್ತು, 2020ರಲ್ಲಿ ಅವನ್ನು ತೆಗೆದುಹಾಕಲಾಯಿತು. ಸಾತಬಾರಾದಲ್ಲಿ ಭೋಗವಟಾದಾರ ವರ್ಗ 2 ಎಂದಿದ್ದರೆ ಆ ಜಮೀನಿನ ಪರಭಾರೆಗೆ ಸರಕಾರದ ಪರವಾನಗಿ ಬೇಕು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯ್ದೆಯಂತೆ ಅನುಮತಿ ಇಲ್ಲದೆ ಕೊಂಡರೆ ಜಮೀನೂ ಹೋಗುತ್ತದೆ, ಹಣವೂ ಹೋಗುತ್ತದೆ. ಬಡವರ ರಕ್ಷಣೆಗಾಗಿ ಇರುವ ಇಂಥ ಮೇರೆಗಳನ್ನು ದಾಟುವ ಯೋಚನೆಯನ್ನೇ ನಾವು ಮಾಡಬಾರದು.

ಕಾಸರಗೋಡಿನ ಕಡೆಯ ಜೈನ ಮನೆತನಗಳಲ್ಲಿ ಅಳಿಯಸಂತಾನದ ಕಟ್ಟು ಇತ್ತು. ಕೇರಳ ಸರಕಾರ 1976ರ ಡಿಸೆಂಬರ್ 1ರಿಂದ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಪಡಿಸಿತು. ಅಂದು ಇದ್ದ ಸದಸ್ಯರು ತಮ್ಮ ತಮ್ಮ ಪಾಲಿಗೆ ಪ್ರತ್ಯೇಕ ಮಾಲಕರಾದರು. ಆ ಕಾಯ್ದೆಗೂ 2005ರ ಕೇಂದ್ರ ತಿದ್ದುಪಡಿಗೂ ಹೊಂದುವುದಿಲ್ಲವೆಂದೂ ಹೆಣ್ಣುಮಕ್ಕಳಿಗೆ ಸಮಪಾಲು ಉಂಟೆಂದೂ 2025ರ ಜುಲೈಯಲ್ಲಿ ಕೇರಳ ಹೈಕೋರ್ಟು ಹೇಳಿದೆ. ಗೋವೆಯದು ಬೇರೆಯೇ ಮಾತು. ಅಲ್ಲಿ ಪೋರ್ತುಗೀಸರ ಕಾಲದ ಸಿವಿಲ್ ಕಾಯ್ದೆಯ ಪರಂಪರೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಮಕ್ಕಳಿದ್ದವರು ಆಸ್ತಿಯ ಅರ್ಧವನ್ನು ಮಾತ್ರ ಇಚ್ಛೆಯಂತೆ ಬರೆಯಬಹುದು. ಗೋವೆಯ ನಿವಾಸಿಗೆ ಹೊರ ರಾಜ್ಯದಲ್ಲಿರುವ ಆಸ್ತಿಗೂ ಅದೇ ನಿಯಮವೆಂದು 2019ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ತೆಲಂಗಾಣದಲ್ಲಿ 2020ರಲ್ಲಿ ಬಂದ ಧರಣಿ ದಾಖಲೆ ಪದ್ಧತಿ ಹೋಗಿ 2025ರಲ್ಲಿ ಭೂಭಾರತಿ ಬಂದಿದೆ. ಹಳೆಯ ಪಾಸ್‌ಬುಕ್ಕಿನಲ್ಲಿ ಹೆಸರು, ಕ್ಷೇತ್ರ ಸರಿ ಇದೆಯೇ ಎಂದು ಅಲ್ಲಿಯವರು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಭಾಷೆಯ ಮಾತೂ ಇದೆ. ನೋಂದಣಿ ಅಧಿಕಾರಿಗೆ ತಿಳಿಯದ, ಆ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ ಭಾಷೆಯ ದಸ್ತಾವೇಜನ್ನು ನಿಖರವಾದ ಭಾಷಾಂತರವಿಲ್ಲದೆ ಅವರು ಸ್ವೀಕರಿಸುವುದಿಲ್ಲ. 1908ರ ನೋಂದಣಿ ಕಾಯ್ದೆಯಲ್ಲಿಯೇ ಈ ನಿಯಮವಿದೆ. ಅಜ್ಜಂದಿರ ಕಾಲದ ಮೋಡಿ ಲಿಪಿಯ, ಹಳೆಯ ಕನ್ನಡ ಕೈಬರಹದ ಕಾಗದಗಳು ನಮ್ಮ ಅಟ್ಟದ ಮೇಲೆ ಎಷ್ಟೋ ಇವೆ. ಓದಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರು ಇರುವಾಗಲೇ ಲಿಪ್ಯಂತರ ಮಾಡಿಸಿ ಇಡಬೇಕು.

ಬಸದಿಗೆ ಕೊಟ್ಟದ್ದು

ಹಳೆಯ ದಾನಶಾಸನಗಳಲ್ಲಿ ಕೊಟ್ಟ ಭೂಮಿ ಚಂದ್ರ ಸೂರ್ಯರಿರುವವರೆಗೆ ನಡೆಯಲಿ ಎಂಬ ಮಾತೂ, ಅದನ್ನು ಕೆಡಿಸಿದವರಿಗೆ ಶಾಪವೂ ಇರುತ್ತದೆ. ಇಂದಿನ ಕಾಯ್ದೆ ಶಾಪ ಹಾಕುವುದಿಲ್ಲ, ಆದರೆ ಕಾವಲು ಇಟ್ಟಿದೆ. ಮನುಷ್ಯರಿಗೆ ಬರೆಯುವಾಗ ಆಸ್ತಿಯನ್ನು ತಲೆತಲಾಂತರ ಕಟ್ಟಿಡಲು ಬರುವುದಿಲ್ಲ. ಧರ್ಮ, ವಿದ್ಯೆ, ಆರೋಗ್ಯದಂಥ ಸಾರ್ವಜನಿಕ ಹಿತಕ್ಕೆ ಕೊಟ್ಟದ್ದಕ್ಕೆ ಮಾತ್ರ ಈ ತಡೆ ಇಲ್ಲ. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ನ್ಯಾಸಗಳ ಕಾಯ್ದೆಯ 36ನೇ ಕಲಮಿನಂತೆ, ಟ್ರಸ್ಟಿನ ಸ್ಥಿರಾಸ್ತಿಯನ್ನು ಚಾರಿಟಿ ಕಮಿಷನರರ ಪೂರ್ವಾನುಮತಿ ಇಲ್ಲದೆ ವಿಶ್ವಸ್ಥರು ಮಾರುವಂತಿಲ್ಲ. ಕೃಷಿ ಜಮೀನನ್ನು 10 ವರ್ಷಕ್ಕೂ, ಕಟ್ಟಡ ಅಥವಾ ಬಿನಶೇತ್ಕಿ ಜಾಗವನ್ನು 3 ವರ್ಷಕ್ಕೂ ಮೀರಿ ಲಾವಣಿ ಕೊಡುವುದಕ್ಕೂ ಅನುಮತಿ ಬೇಕು. ಬಾಯಿಮಾತಿನಿಂದ ಬಸದಿಗೆ ಕೊಟ್ಟ ಹೊಲ ಉತಾರೆಯಲ್ಲಿ ಇನ್ನೂ ಕೊಟ್ಟವರ ಹೆಸರಿನಲ್ಲೇ ಇದ್ದರೆ, ಮೂರನೇ ಪೀಳಿಗೆ ಅದನ್ನು ತನ್ನದೆಂದೇ ತಿಳಿಯುತ್ತದೆ. ದಾನ ಕೊಟ್ಟವರು ಪತ್ರ ಮಾಡಿ, ನೋಂದಾಯಿಸಿ, ಟ್ರಸ್ಟಿನ ಹೆಸರಿಗೆ ಫೇರಫಾರ ಮಾಡಿಸಿದರೆ ಮಾತ್ರ ಆ ದಾನ ಪೂರ್ಣವಾಗುತ್ತದೆ.

ಈ ತಿಂಗಳು ಮಾಡಬಹುದಾದ ಕೆಲಸ

ಒಂದು ರವಿವಾರ ಮನೆಮಂದಿಯೆಲ್ಲ, ಹೆಣ್ಣುಮಕ್ಕಳನ್ನೂ ಕರೆಸಿ, ಕುಳಿತುಕೊಳ್ಳಿರಿ. ಇರುವ ಸರ್ವೆ ನಂಬರು, ಮನೆ, ಅಂಗಡಿ, ಠೇವಣಿಗಳ ಯಾದಿ ಮಾಡಿರಿ. ಪ್ರತಿಯೊಂದರ ಮುಂದೆ ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂದು ಬರೆಯಿರಿ. ತೀರಿಕೊಂಡವರ ಹೆಸರು ಉತಾರೆಯಲ್ಲಿ ಇನ್ನೂ ಇದ್ದರೆ ವಾರಸಾ ಅರ್ಜಿ ಕೊಡಿರಿ. ಮೂಲ ಕಾಗದಗಳು ಎಲ್ಲಿವೆ ಎಂಬುದು ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ, ಅವರಲ್ಲಿ ಒಬ್ಬರು ಹೆಂಗಸಾಗಿರಲಿ. ಆಮೇಲೆ ಆಸ್ತಿ ಇರುವ ಊರಿನ ಒಬ್ಬ ಬಲ್ಲ ವಕೀಲರಿಗೆ ಯಾದಿ ತೋರಿಸಿರಿ. ಒಂದು ಊರಿನ ವಕೀಲರ ಸಲಹೆ ಇನ್ನೊಂದು ರಾಜ್ಯದ ಹೊಲಕ್ಕೆ ಸಾಲುವುದಿಲ್ಲ.

ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳಿರೆಂದು ನಮ್ಮ ಹಿರಿಯರು ಶ್ರಾವಕರಿಗೆ ಹೇಳುತ್ತ ಬಂದಿದ್ದಾರೆ. ಗಳಿಸುವುದಕ್ಕೆ ಮಿತಿ ಇದ್ದಂತೆ ಬಿಡುವುದಕ್ಕೂ ಒಂದು ರೀತಿ ಇದೆ. ಯಾರ ಪಾಲು ಎಷ್ಟು ಎಂದು ನಾವು ಬದುಕಿರುವಾಗಲೇ ಎಲ್ಲರೆದುರು ಹೇಳಿ, ಬರೆದು, ನೋಂದಾಯಿಸಿ ಬಿಟ್ಟರೆ ಮಕ್ಕಳಿಗೆ ಹೊಲವೂ ಉಳಿಯುತ್ತದೆ, ಪಂಚಮಿಗೆ ತಂಗಿ ಬರುವ ದಾರಿಯೂ ಉಳಿಯುತ್ತದೆ.